ಓದಿದ್ದನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆ?

ಪುಸ್ತಕ ಮುಗಿಸಿ ಸುಮ್ನೆ ‘ಚಲೋ ಐತಿ’ ಅಂದುಬಿಟ್ಟರೆ ಕೇಳಿದವರಿಗೆ ಏನೂ ಸಿಗುವುದಿಲ್ಲ, ಅಲ್ವಾ?

ಓದುವಾಗಲೇ ಗುರುತು ಹಾಕಿಕೊಳ್ಳಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಓದುತ್ತಾ ಹೋಗುವವರಾದರೆ ಒಂದು ಚೀಟಿಯಲ್ಲಿ ಪುಟದ ಸಂಖ್ಯೆ, ಅಲ್ಲಿ ಏನನ್ನಿಸಿತು ಅನ್ನುವ ಎರಡು ಮಾತು ಗೀಚಿ ಅದೇ ಪುಟದಲ್ಲಿ ಇಟ್ಟುಬಿಡಿ. ಸಂಜೆಗೆ ಮರೆತುಹೋಗುತ್ತದೆ, ನಂಬಿ.

ಹೇಳುವಾಗ ಕಥೆಯನ್ನೆಲ್ಲಾ ಒಪ್ಪಿಸಬೇಡಿ. ಒಂದು ಜಾಗ ಹಿಡಿಯಿರಿ. ತೇಜಸ್ವಿಯವರ ‘ಕರ್ವಾಲೊ’ ಬಗ್ಗೆ ನಾನು ಹಾರುವ ಓತಿಯಿಂದ ಶುರು ಮಾಡುವುದಿಲ್ಲ, ಮಂದಣ್ಣನಿಂದ ಮಾಡುತ್ತೇನೆ. ಹಳ್ಳಿಯ ಆ ಹುಡುಗನ ತಿಳಿವಳಿಕೆಗೆ ಒಬ್ಬ ವಿಜ್ಞಾನಿ ಕೊಡುವ ಬೆಲೆ ನೋಡಿದರೆ ಎದೆ ತುಂಬುತ್ತದೆ.

ಕಾಮಿಕ್ಸ್ ಆದರೆ ಚಿತ್ರದ ಮಾತು ಬರಲೇಬೇಕು. ಹಿಟ್ಲರನ ಕಾಲದ ಯಹೂದಿ ನರಮೇಧದ ಕಥೆ ಹೇಳುವ ಆರ್ಟ್ ಸ್ಪೀಗೆಲ್‌ಮನ್ ಅವರ ‘ಮೌಸ್’ನಲ್ಲಿ ಯಹೂದಿಗಳು ಇಲಿಗಳು, ಜರ್ಮನ್ನರು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು. ಜೀವ ಉಳಿಸಿಕೊಳ್ಳಲು ಇಲಿಗಳು ಹಂದಿಯ ಮುಖವಾಡ ಕಟ್ಟಿಕೊಂಡು ಬೀದಿಯಲ್ಲಿ ನಡೆಯುತ್ತವೆ. ಆ ಮುಖವಾಡದ ದಾರ ನಮಗೆ ಕಾಣುತ್ತದೆ! ಅವರ ಭಯವೆಲ್ಲಾ ಆ ದಾರದಲ್ಲೇ ಇದೆ. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು, ಆದರೆ ಪ್ರಶಸ್ತಿಗಿಂತ ದಾರದ ಬಗ್ಗೆ ಜಾಸ್ತಿ ಹೇಳಿ.

ಹಿಡಿಸದಿದ್ದರೆ ಎಲ್ಲಿ ಬೇಸರವಾಯಿತು ಅಂತ ಪುಟ ತೋರಿಸಿ ಹೇಳಿ, ಸಾಕು.

ಎದುರು ಕೂತು ಮಾತಾಡಿದರೆ ಇನ್ನೂ ಚಲೋ. 1933ರಲ್ಲಿ ಶುರುವಾದ ಧಾರವಾಡದ ಪುಸ್ತಕ ಪ್ರಕಾಶನ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಎಷ್ಟೊಂದು ಬರಹಗಾರರು ಹಾಗೇ ಹರಟಿದ್ದಾರೆ. ಮಾತು ಮುಗಿದ ಮೇಲೆ ಪುಸ್ತಕವನ್ನು ಚೀಟಿ ಸಮೇತ ಅವರ ಕೈಗೆ ಕೊಡಿ.