ನೆಲಕ್ಕೆ ಕಬ್ಬಿಣ, ಮೇಲಕ್ಕೆ ಮರ: ನಾನು ಕಟ್ಟಿದ ಹಲಗೆ ಬೇಲಿ

ಒಂದು ರಾತ್ರಿಯ ಗಾಳಿಗೆ ನಮ್ಮ ಹಳೆಯ ಹಲಗೆ ಬೇಲಿ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಮೂರು ಅಂಕಣ (ಎರಡು ಕಂಬಗಳ ನಡುವಿನ ಭಾಗಕ್ಕೆ ಅಂಕಣ ಅನ್ನುತ್ತೇನೆ) ಒಂದಕ್ಕೊಂದು ಅಂಟಿಕೊಂಡೇ ಅಂಗಾತ ಮಲಗಿದ್ದವು. ಹಲಗೆ ತಟ್ಟಿದೆ, ಗಟ್ಟಿಯಾಗಿತ್ತು. ಅಡ್ಡಪಟ್ಟಿಗಳೂ ಗಟ್ಟಿ. ಮೊಳೆ ಕೂಡ ಸಡಿಲವಾಗಿರಲಿಲ್ಲ. ಮುರಿದಿದ್ದು ಮರದ ಕಂಬಗಳು ಮಾತ್ರ. ಅದೂ ಎಲ್ಲ ಕಂಬವೂ ಒಂದೇ ಕಡೆ, ಸರಿಯಾಗಿ ನೆಲದ ಮಟ್ಟದಲ್ಲಿ.

ಒಂದು ತುಂಡನ್ನು ಎತ್ತಿ ಬುಡಕ್ಕೆ ಬೆರಳು ಒತ್ತಿದೆ. ಒದ್ದೆ ಹತ್ತಿಯ ಹಾಗೆ ಒಳಗೆ ಹೋಯಿತು. ಅಲ್ಲಿಂದ ಒಂದು ಗೇಣು ಮೇಲೆ ಉಳಿ ಹೊಡೆದರೆ ಹೊಸ ಮರದಷ್ಟೇ ಗಟ್ಟಿ. ಕಾಂಕ್ರೀಟ್ ಒಡೆದು ಅಡಿಯ ತುಂಡು ತೆಗೆದೆ. ಅದೂ ಹೆಚ್ಚು ಕೆಟ್ಟಿರಲಿಲ್ಲ. ಎಂಟು ಅಡಿಗೂ ಉದ್ದದ ಕಂಬದಲ್ಲಿ ಕೊಳೆತಿದ್ದು ಒಂದು ಅಂಗೈ ಅಗಲದ ಪಟ್ಟಿ ಅಷ್ಟೇ.

ಆ ತುಂಡನ್ನು ಬಹಳ ದಿನ ಎಸೆಯದೆ ಇಟ್ಟುಕೊಂಡಿದ್ದೆ. ಹೊಸ ಬೇಲಿಯ ಬಗ್ಗೆ ನಾನು ಮಾಡಿದ ಎಲ್ಲ ತೀರ್ಮಾನಗಳೂ ಅದರಿಂದಲೇ ಹುಟ್ಟಿದವು. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಮರದಲ್ಲಿ ತೇವ ಸುಮಾರು 20 ಶೇಕಡಾಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದೇ ಇಲ್ಲ. ಮೇಲಿನ ಮರ ಒಣಗುತ್ತದೆ, ಆಳದಲ್ಲಿ ಗಾಳಿ ಸಾಲದು. ನೆಲದ ಮಟ್ಟದಲ್ಲಿ ಮಾತ್ರ ಎರಡೂ ಸಿಗುತ್ತವೆ. ಸುತ್ತ ಕಾಂಕ್ರೀಟ್ ಹಾಕಿದರೆ ಮರ ಉಳಿಯುತ್ತದೆ ಅಂತ ಹಿಂದೆ ನಾನೂ ನಂಬಿದ್ದೆ. ಆದರೆ ಮರ ಒಣಗಿ ಕುಗ್ಗಿದಾಗ ಅದಕ್ಕೂ ಕಾಂಕ್ರೀಟಿಗೂ ನಡುವೆ ಸಣ್ಣ ಸಂದು ಬೀಳುತ್ತದೆ. ಮಳೆ ನೀರು ಅಲ್ಲಿ ಇಳಿದು ನಿಲ್ಲುತ್ತದೆ. ಕಂಬವನ್ನು ನಾವೇ ಒಂದು ಬಟ್ಟಲಲ್ಲಿ ನಿಲ್ಲಿಸಿದ ಹಾಗಾಯಿತು, ಅಲ್ವಾ?

ಹಾಗಾಗಿ ಹೊಸ ಬೇಲಿಯಲ್ಲಿ ಮರ ನೆಲ ಮುಟ್ಟಬಾರದು ಅಂತ ನಿರ್ಧರಿಸಿದೆ. ನೆಲಕ್ಕೆ ಇಳಿಯುವುದು ಕಬ್ಬಿಣ ಮಾತ್ರ.

ಇಡೀ ಬೇಲಿ 60 ಅಡಿ ಉದ್ದ, 6 ಅಡಿ ಎತ್ತರ. ಮೊದಲು ಎಂಟು ಅಡಿಗೊಂದು ಕಂಬ ಅಂದುಕೊಂಡಿದ್ದೆ. ಆಮೇಲೆ ಗಾಳಿಯ ಲೆಕ್ಕ ಹಾಕಿದೆ. ಸಂದಿಲ್ಲದ ಹಲಗೆ ಬೇಲಿ ಅಂದರೆ ನೆಟ್ಟಗೆ ನಿಲ್ಲಿಸಿದ ಹಾಯಿ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಎಂಟು ಅಡಿ ಅಗಲ, ಆರು ಅಡಿ ಎತ್ತರದ ಅಂಕಣದ ಮೇಲೆ 200 ಕೆಜಿಗೂ ಜಾಸ್ತಿ ತೂಕದಷ್ಟು ಒತ್ತುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅಷ್ಟನ್ನೂ ತಡೆಯಬೇಕಾದದ್ದು ಕಂಬದ ಬುಡ. ಅದಕ್ಕೇ ಆರು ಅಡಿಗೊಂದು ಕಂಬ ಇಟ್ಟೆ. ಒಟ್ಟು 11 ಕಂಬ, 10 ಅಂಕಣ. ಖರ್ಚು ಜಾಸ್ತಿ ಆಯಿತು, ಆದರೆ ಈ ಒಂದು ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಕಂಬಕ್ಕೆ 60 ಮಿಲಿಮೀಟರ್ ಚೌಕದ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ತಂದೆ. ಪೈಪಿನ ಗೋಡೆಯ ದಪ್ಪ 3 ಮಿಲಿಮೀಟರ್. ಗೇಟಿನ ಎರಡು ಕಂಬಕ್ಕೆ 80 ಮಿಲಿಮೀಟರಿನದು. ಗುಂಡು ಪೈಪೂ ಆಗುತ್ತದೆ, ಆದರೆ ಅದಕ್ಕೆ ಬೇರೆ ಕ್ಲ್ಯಾಂಪ್ ಬೇಕು. ಚೌಕದ ಪೈಪಿನ ಮುಖಕ್ಕೆ ಅಡ್ಡಪಟ್ಟಿ ಒತ್ತಿ ಕೂರುತ್ತದೆ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಪೈಪನ್ನೇ ಕೇಳಿ ತನ್ನಿ. ಬೆಳ್ಳಿ ಬಣ್ಣ ಬಳಿದಿದ್ದೂ ದೂರದಿಂದ ಹಾಗೇ ಕಾಣುತ್ತದೆ, ಬಾಳಿಕೆ ಮಾತ್ರ ಅದರ ಹತ್ತಿರಕ್ಕೂ ಬರುವುದಿಲ್ಲ. ಸತುವಿನ ಗುಣ ಏನೆಂದರೆ, ಸಣ್ಣ ಗೀರು ಬಿದ್ದರೂ ಸುತ್ತಲಿನ ಸತು ತಾನು ಸವೆದು ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಆದರೆ ಕತ್ತರಿಸಿದ ತುದಿ, ಕೊರೆದ ತೂತು ಇಂಥ ಕಡೆ ಕಬ್ಬಿಣ ಪೂರ್ತಿ ಬಯಲಾಗುತ್ತದೆ. ಅಲ್ಲಿಗೆಲ್ಲ ಸತುವಿನ ಪುಡಿ ಹೆಚ್ಚಿರುವ ಬಣ್ಣವನ್ನು ಎರಡು ಸಲ ಹಚ್ಚಿದೆ.

ವೆಲ್ಡಿಂಗ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಕಬ್ಬಿಣದ ಕೆಲಸ ಮಾಡುವ ಗೆಳೆಯನೂ ಅದನ್ನೇ ಹೇಳಿದ. "ಸತು ಸುಟ್ಟ ಹೊಗೆ ಎಳೆದುಕೊಂಡರೆ ರಾತ್ರಿ ಚಳಿಜ್ವರ ಬರುತ್ತೆ ಕಣೋ. ಮಾಡಲೇಬೇಕು ಅಂದ್ರೆ ಆ ಜಾಗದ ಸತು ಉಜ್ಜಿ ತೆಗೆದು, ಬಯಲಲ್ಲಿ ಮಾಡು." ನಾನು ಎಲ್ಲಾ ಕಡೆ ಬೋಲ್ಟೇ ಹಾಕಿದೆ. ಮುಂದೆ ಬಿಚ್ಚಬೇಕಾದರೂ ಬೋಲ್ಟೇ ಸುಲಭ.

ಅಗೆಯುವ ಮೊದಲು ಎರಡು ಕೆಲಸ ಮುಗಿಸಿಕೊಂಡೆ. ಗಡಿ ಅಳೆಸಿ, ಪಕ್ಕದ ಮನೆಯವರ ಜೊತೆ ಕೂತು ಮಾತಾಡಿ, ಬೇಲಿಯನ್ನು ನಮ್ಮ ಕಡೆಗೆ ಕೆಲವು ಇಂಚು ಒಳಗೆ ಸರಿಸಿದೆ. ನೀರಿನ ಪೈಪು, ಕರೆಂಟಿನ ಕೇಬಲ್ ಎಲ್ಲಿ ಹೋಗಿದೆ ಅಂತ ವಿಚಾರಿಸಿ ಸುಣ್ಣದಲ್ಲಿ ಗುರುತು ಹಾಕಿದೆ.

ಗುಂಡಿ ಒಂದು ಅಡಿ ಅಗಲ, ಮೂರು ಅಡಿ ಮೂರು ಇಂಚು ಆಳ. ತಳಕ್ಕೆ ಮೂರು ಇಂಚು ಜಲ್ಲಿ ಹಾಕಿ ದಿಮ್ಮಸಿನಿಂದ ಗುದ್ದಿದೆ. ಒಂಬತ್ತು ಅಡಿ ಪೈಪನ್ನು ಆ ಜಲ್ಲಿಯ ಮೇಲೆ ನಿಲ್ಲಿಸಿದರೆ ಮೂರು ಅಡಿ ನೆಲದಲ್ಲಿ, ಆರು ಅಡಿ ಮೇಲೆ. ಪೈಪಿನ ಕೆಳಬಾಯಿ ಮುಚ್ಚಲಿಲ್ಲ. ಒಳಗೆ ಹನಿ ಕಟ್ಟಿದರೂ ಜಲ್ಲಿಗೆ ಇಳಿದು ಹೋಗಲಿ ಅಂತ. ಮೇಲ್ಬಾಯಿಗೆ ಮಾತ್ರ ಬಿಗಿಯಾದ ಮುಚ್ಚಳ. ನೆಲದ ಮಟ್ಟಕ್ಕೆ ಬರುವ ಭಾಗಕ್ಕೆ, ಆರು ಇಂಚು ಕೆಳಗಿಂದ ನಾಲ್ಕು ಇಂಚು ಮೇಲಿನವರೆಗೆ, ಮೊದಲೇ ಡಾಂಬರಿನ ಬಣ್ಣ ಬಳಿದಿದ್ದೆ. ಮರ ಕೊಳೆತ ಜಾಗದಲ್ಲೇ ಕಬ್ಬಿಣಕ್ಕೂ ತುಕ್ಕು ಮೊದಲು ಹಿಡಿಯುತ್ತದೆ.

ಎರಡು ಕೊನೆಯ ಕಂಬಗಳನ್ನು ಮೊದಲು ನಿಲ್ಲಿಸಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಅವುಗಳ ನಡುವೆ ಮೇಲೊಂದು, ಕೆಳಗೊಂದು ದಾರ ಎಳೆದೆ. ಉಳಿದ ಒಂಬತ್ತೂ ಆ ದಾರಗಳ ಸಾಲಿಗೆ. ಇಲ್ಲಿ ಒಂದು ವಿಷಯ ಗಮನಿಸಿ. ಕಂಬ ದಾರಕ್ಕೆ ತಾಗಲೇಬಾರದು. ಒಂದು ಕಂಬ ತಾಗಿ ಕೂದಲೆಳೆಯಷ್ಟು ತಳ್ಳಿದರೂ ಮುಂದಿನ ಕಂಬಗಳೆಲ್ಲ ತಪ್ಪು ಸಾಲಿಗೆ ಕೂರುತ್ತವೆ. ಕೊನೆಯ ಕಂಬಗಳಲ್ಲಿ ದಾರದ ಅಡಿಗೆ 3 ಮಿಲಿಮೀಟರಿನ ಪ್ಲೈವುಡ್ ಚೂರು ಕೊಟ್ಟು, ನಡುವಿನ ಕಂಬಗಳಲ್ಲಿ ಅಂಥದೇ ಇನ್ನೊಂದು ಚೂರು ಸಂದಿನಲ್ಲಿ ತೂರುತ್ತದಾ ಅಂತ ನೋಡುತ್ತಾ ಹೋದೆ. ಎರಡು ಮುಖಕ್ಕೂ ರಸಮಟ್ಟ (ಗಾಳಿಗುಳ್ಳೆ ಇರುವ ಮಟ್ಟಗೋಲು) ಹಿಡಿದು, ಓರೆಯಾಗಿ ಎರಡು ಪಟ್ಟಿ ಆನಿಸಿ, ಆಮೇಲೆ ಕಾಂಕ್ರೀಟ್ ಸುರಿದೆ. ಸಿಮೆಂಟು ಒಂದು, ಮರಳು ಎರಡು, ಜಲ್ಲಿ ನಾಲ್ಕು ಪಾಲು. ಸುರಿಯುತ್ತಾ ಸಲಾಕೆಯಿಂದ ಚುಚ್ಚುತ್ತಿರಬೇಕು, ಇಲ್ಲದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ.

ಕಾಂಕ್ರೀಟಿನ ತಲೆಯನ್ನು ನೆಲಕ್ಕಿಂತ ಒಂದಿಂಚು ಮೇಲೆ ತಂದು, ಕರಣೆಯಿಂದ ನಾಲ್ಕೂ ಕಡೆ ಇಳಿಜಾರು ಮಾಡಿದೆ. ಇದಕ್ಕೆ ಕಂಬಕ್ಕೆ ಐದು ನಿಮಿಷ ಸಾಕು. ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಏಳು ದಿನ ಗೋಣಿ ಹೊದಿಸಿ ನೀರು ಹಾಕಿದೆ. ಅಲ್ಲಿಯವರೆಗೆ ಕಂಬಕ್ಕೆ ಏನನ್ನೂ ಕಟ್ಟಲಿಲ್ಲ.

ಅಡ್ಡಪಟ್ಟಿ ಎರಡಿಂಚು ದಪ್ಪ, ನಾಲ್ಕಿಂಚು ಅಗಲದ್ದು. ಒಂದು ಅಂಕಣಕ್ಕೆ ಮೂರು. ಎರಡೇ ಸಾಕು ಅನ್ನುವವರಿದ್ದಾರೆ. ಆರು ಅಡಿ ಎತ್ತರದ ಹಲಗೆಗೆ ನಡುವೆ ಹಿಡಿತ ಇಲ್ಲದಿದ್ದರೆ ಅದು ಬಿಸಿಲಿಗೆ ತಿರುಚಿಕೊಳ್ಳುತ್ತದೆ, ಹಳೆ ಬೇಲಿಯಲ್ಲೇ ನೋಡಿದ್ದೆ. ಪಟ್ಟಿಯ ನಾಲ್ಕಿಂಚಿನ ಮುಖವನ್ನು ಕಂಬಕ್ಕೆ ಒತ್ತಿ ಹಿಡಿದು, ಆರಪಾರ ಬೋಲ್ಟ್ ಹಾಕಿ ಬಿಗಿದೆ. ಮಲಗಿಸಿ ಇಟ್ಟಿದ್ದರೆ ಹಲಗೆಯ ಭಾರಕ್ಕೆ ಜೋತು ಬೀಳುತ್ತಿತ್ತು. ಹನ್ನೆರಡು ಅಡಿ ಉದ್ದದ ಪಟ್ಟಿ ತಂದಿದ್ದರಿಂದ ಒಂದೊಂದೂ ಎರಡು ಅಂಕಣ ದಾಟಿತು. ಮೂರು ಸಾಲಿನ ಜೋಡಣೆಯೂ ಒಂದೇ ಕಂಬದ ಮೇಲೆ ಬರದಂತೆ ಹಿಂದುಮುಂದು ಮಾಡಿದೆ. ಪಟ್ಟಿಗಳು ಕಂಬದ ಮುಂದೆಯೇ ಹಾದು ಹೋಗುವುದರಿಂದ ಹಲಗೆ ಹೊಡೆದ ಮೇಲೆ ಹೊರಗಿನಿಂದ ಕಬ್ಬಿಣ ಕಾಣುವುದೇ ಇಲ್ಲ. ಆ ನೋಟ ನನಗೆ ತುಂಬಾ ಇಷ್ಟ.

ನಾನು ತಂದಿದ್ದು ಕೊಳೆಯದಿರಲಿ ಅಂತ ತಾಮ್ರದ ಔಷಧಿ ಕುಡಿಸಿದ ಮರ. ಅದರ ತೇವ ಸತುವನ್ನು ತಿನ್ನುತ್ತದೆ. ಅದಕ್ಕೆ ಕಂಬಕ್ಕೂ ಪಟ್ಟಿಗೂ ನಡುವೆ ಡಾಂಬರು ಟೇಪಿನ ತುಂಡು ಅಂಟಿಸಿದೆ. ಇಂಥ ಮರ ಕೊಯ್ಯುವಾಗ ಮೂಗುಬಾಯಿಗೆ ಮಾಸ್ಕ್ ಇರಲಿ. ಚೂರುಗಳನ್ನು ಒಲೆಗೆ ಹಾಕಬೇಡಿ, ಆ ಹೊಗೆ ಮತ್ತು ಬೂದಿ ವಿಷ. ಔಷಧಿ ಕುಡಿಸಿದ ಮರ ಬೇಡ ಅನ್ನುವವರು ತೇಗದಂಥ ಮರದ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ ತರಬಹುದು. ಚೇಗು ಅಂತ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಎಂಥ ಒಳ್ಳೆ ಮರವಾದರೂ ಸುತ್ತಲಿನ ಬಿಳಿ ಭಾಗ ಬೇಗ ಕೊಳೆಯುತ್ತದೆ, ಗೆದ್ದಲೂ ಬೇಗ ಹಿಡಿಯುತ್ತದೆ.

ಹಲಗೆ ಹೊಡೆಯುವಾಗ ನಾನೊಂದು ತಪ್ಪು ಮಾಡಿದೆ. ಮರೆ ಬೇಕು, ಸಂದು ಇರಬಾರದು ಅಂತ ಮೊದಲ ಎರಡು ಅಂಕಣದ ಹಲಗೆಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿದೆ. ಚೆನ್ನಾಗಿ ಒಣಗಿದ ಹಲಗೆಗಳು ಅವು. ಒಂದು ವಾರ ಮಳೆ ಹಿಡಿಯಿತು. ಹಲಗೆಗಳು ಉಬ್ಬಿ, ಜಾಗ ಸಾಲದೆ ಮುಂದಕ್ಕೆ ಹೊಟ್ಟೆ ಬಿಟ್ಟವು. ಎರಡು ಕಡೆ ಸ್ಕ್ರೂ ತಲೆ ಮರದೊಳಗೆ ಸೀಳಿಕೊಂಡು ಹೋಗಿತ್ತು. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಐದೂವರೆ ಇಂಚಿನ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ನಾಲ್ಕು ಮಿಲಿಮೀಟರ್ ಆಸುಪಾಸು ಅಗಲವಾಗುತ್ತದೆ. ಒಂದು ಅಂಕಣಕ್ಕೆ ಹದಿಮೂರು ಹಲಗೆ. ಲೆಕ್ಕ ಹಾಕಿದರೆ ಎರಡಿಂಚು!

ಎರಡೂ ಅಂಕಣ ಬಿಚ್ಚಿದೆ. ಈ ಸಲ ಎರಡು ಪದರ. ಹಿಂದಿನ ಹಲಗೆಗಳನ್ನು ಮೂರೂವರೆ ಇಂಚು ಬಿಟ್ಟು ಬಿಟ್ಟು ಹೊಡೆದೆ. ಆ ಸಂದುಗಳ ಮೇಲೆ ಮುಂದಿನ ಹಲಗೆ, ಎರಡೂ ಕಡೆ ಒಂದೊಂದಿಂಚು ಹೊದ್ದುಕೊಳ್ಳುವ ಹಾಗೆ. ಮುಂದಿನ ಹಲಗೆಯ ಸ್ಕ್ರೂ ಹಿಂದಿನ ಹಲಗೆಗೆ ತಾಗದೆ, ಸಂದಿನ ಮೂಲಕ ನೇರ ಅಡ್ಡಪಟ್ಟಿಗೆ ಹೋಗಬೇಕು. ಎರಡನ್ನೂ ಸೇರಿಸಿ ಬಿಗಿದರೆ ಒಂದು ಹಿಗ್ಗುವಾಗ ಇನ್ನೊಂದನ್ನು ಸೀಳುತ್ತದೆ. ಮುಂದಿನ ಪದರಕ್ಕೆ ಉದ್ದದ ಸ್ಕ್ರೂ ಬೇಕಾಯಿತು, ಮರವೂ ಜಾಸ್ತಿ ಹಿಡಿಯಿತು. ಆದರೆ ಈಗ ಹಲಗೆ ಎಷ್ಟು ಕುಗ್ಗಿದರೂ ಆಚೆ ಕಡೆ ಕಾಣುವುದಿಲ್ಲ, ಎಷ್ಟು ಹಿಗ್ಗಿದರೂ ಜಾಗ ಇದೆ.

ಸ್ಕ್ರೂ ಎಲ್ಲಾ ಸ್ಟೇನ್‌ಲೆಸ್ ಸ್ಟೀಲಿನವು. ಹಳೆ ಬೇಲಿಯಲ್ಲಿ ಪ್ರತಿ ಮೊಳೆಯ ಕೆಳಗೂ ಕಪ್ಪು ಕಣ್ಣೀರಿನಂಥ ಗೆರೆ ಇಳಿದಿತ್ತು. ಮರದ ಒಗರಿಗೂ ಕಬ್ಬಿಣಕ್ಕೂ ಸೇರಿದರೆ ಆಗುವ ಕಲೆ ಅದು, ಉಜ್ಜಿದರೂ ಹೋಗುವುದಿಲ್ಲ. ಹಲಗೆಯ ತುದಿಯಲ್ಲಿ ಸೀಳದಿರಲಿ ಅಂತ ಪ್ರತಿ ಸ್ಕ್ರೂಗೂ ಮೊದಲು ಸಣ್ಣ ತೂತು ಕೊರೆದೆ. ಬೇಸರದ ಕೆಲಸ, ಆದರೆ ಒಂದು ಹಲಗೆಯೂ ಸೀಳಲಿಲ್ಲ.

ನೆಲ ಒಂದು ಕಡೆಗೆ ಹದಿನಾಲ್ಕು ಇಂಚು ಇಳಿದಿತ್ತು. ಅಡ್ಡಪಟ್ಟಿಗಳನ್ನು ಇಳಿಜಾರಿನ ಜೊತೆಗೇ ಇಳಿಸಿ, ಹಲಗೆಗಳನ್ನು ತೂಗುಗುಂಡಿನ ಪ್ರಕಾರ ನೆಟ್ಟಗೆ ನಿಲ್ಲಿಸಿದೆ. ಕೆಳಗೆ ಎಲ್ಲಾ ಕಡೆ ಎರಡಿಂಚು ಜಾಗ ಬಿಟ್ಟೆ. ಹಲಗೆಯ ಮೇಲಿನ, ಕೆಳಗಿನ ಕೊಯ್ದ ತುದಿಗಳಿಗೆ ಎಣ್ಣೆ ಕುಡಿಯುವಷ್ಟು ಕುಡಿಸಿದೆ. ಮರ ನೀರು ಹೀರುವುದು ಮುಖದಿಂದ ಅಷ್ಟಲ್ಲ, ತುದಿಯಿಂದ. ಪೂರ್ತಿ ಬೇಲಿಗೂ ಮರದೊಳಗೆ ಇಳಿಯುವ ಎಣ್ಣೆ ಬಣ್ಣವೇ. ಪದರ ಕಟ್ಟುವ ಪೇಂಟ್ ನನಗೆ ಬೇಡವಾಗಿತ್ತು. ಅದು ಬಿರುಕು ಬಿಟ್ಟರೆ ಒಳಗೆ ಹೋದ ನೀರು ಹೊರಗೆ ಬರಲು ದಾರಿ ಇರುವುದಿಲ್ಲ, ಮತ್ತೆ ಹಚ್ಚಬೇಕಾದರೆ ಹಳೆಯದನ್ನೆಲ್ಲ ಕೆರೆಯಬೇಕು.

ಗೇಟಿಗೆ ಒಂದು ಪೂರ್ತಿ ದಿನ ಕೊಟ್ಟೆ. ಅದರ ಕಂಬಗಳ ಗುಂಡಿಯನ್ನು ಅರ್ಧ ಅಡಿ ಜಾಸ್ತಿ ಆಳ ತೋಡಿ, ಅಷ್ಟೇ ಉದ್ದದ ಪೈಪ್ ಹಾಕಿದ್ದೆ. ಗೇಟಿನ ಚೌಕಟ್ಟಿಗೆ ಓರೆಪಟ್ಟಿ ಕೆಳಗಿನ ಬಿಜಾಗರಿಯ ಮೂಲೆಯಿಂದ ಹೊರಟು ಚಿಲಕದ ಕಡೆಯ ಮೇಲಿನ ಮೂಲೆಗೆ ಹೋಗಬೇಕು. ಆಗ ಗೇಟಿನ ಭಾರ ಆ ಪಟ್ಟಿಯನ್ನು ಒತ್ತುತ್ತಾ ಕೆಳಗಿನ ಬಿಜಾಗರಿಗೆ ಇಳಿಯುತ್ತದೆ. ಉಲ್ಟಾ ಹಾಕಿದರೆ ಅದೇ ಭಾರ ಪಟ್ಟಿಯನ್ನು ಎಳೆಯುತ್ತದೆ, ಸ್ಕ್ರೂಗಳು ಸಡಿಲವಾಗಿ ಚಿಲಕ ಕೂರುವುದಿಲ್ಲ. ಗೇಟಿನ ಹಲಗೆಗಳು ಮಾತ್ರ ಹೊಸವಲ್ಲ. ಬಿದ್ದ ಬೇಲಿಯದನ್ನೇ ಕೀಸುಳಿ ಹಾಕಿ ಉಜ್ಜಿ ಬಳಸಿದೆ. ಒಳಗೆ ಬಣ್ಣ ಇನ್ನೂ ಹೊಸ ಮರದ್ದೇ ಇತ್ತು.

ಅದಾದ ಮೇಲೆ ಐದು ಮಳೆಗಾಲ ಕಳೆದಿವೆ. ವರ್ಷಕ್ಕೊಮ್ಮೆ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡುತ್ತೇನೆ, ಬುಡದಲ್ಲಿ ಸೇರಿದ ಮಣ್ಣು, ಎಲೆ ಗುಡಿಸುತ್ತೇನೆ. ಎರಡು ಸಲ ಎಣ್ಣೆ ಹಚ್ಚಿದ್ದೇನೆ. ಹೋದ ಮಳೆಗಾಲದಲ್ಲಿ ಒಂದು ಕೊಂಬೆ ಮುರಿದು ನಾಲ್ಕನೇ ಅಂಕಣದ ಮೇಲೆ ಬಿತ್ತು. ಎರಡು ಹಲಗೆ ಒಡೆದವು. ಹನ್ನೆರಡು ಸ್ಕ್ರೂ ಬಿಚ್ಚಿ, ಹೊಸ ಹಲಗೆ ಕೂರಿಸಿ, ಅದೇ ಸ್ಕ್ರೂ ತಿರುಗಿಸಿದೆ. ಆಮೇಲೆ ಅಕ್ಕಪಕ್ಕದ ಎರಡು ಕಂಬಕ್ಕೂ ರಸಮಟ್ಟ ಹಿಡಿದೆ. ಗುಳ್ಳೆ ಎರಡು ಗೆರೆಗಳ ನಡುವೆಯೇ ನಿಂತಿತ್ತು.