ಮಂಡಕ್ಕಿಯ ‘ಚಟ್’ ಸದ್ದು ಹಿಡಿಯುವುದು ಹೇಗೆ?

ಮಂಡಕ್ಕಿ (ನಮ್ಮ ಕಡೆ ಪುರಿ) ಮೇಲೆ ಭಾರ ಹೇರಿ, ಅಡಿಯಿಂದ ನೀರು ಕುಡಿಸಿದರೆ ಅದು ಬಿಟ್ಟುಬಿಟ್ಟು ‘ಚಟ್’ ಅನ್ನುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಇತಾಯ್ ಐನಾವ್ ಮತ್ತು ಫ್ರಾನ್ಸ್ವಾ ಗಿಯಾರ್ 2018ರಲ್ಲಿ ಹುರಿದುಬ್ಬಿಸಿದ ಅಕ್ಕಿ, ಹಾಲು ಇಟ್ಟುಕೊಂಡು ಇದನ್ನೇ ಅಳೆದರು. ಭೂಕಂಪದ ಹಾಗೆ ಅದಕ್ಕೆ ‘ಅಕ್ಕಿಕಂಪ’ (ರೈಸ್‌ಕ್ವೇಕ್) ಅಂತಲೇ ಹೆಸರಿಟ್ಟರು. ಕಲ್ಲು ರಾಶಿ ಹಾಕಿ ಕಟ್ಟಿದ ಅಣೆಕಟ್ಟುಗಳು ನೆನೆದಾಗ ಕುಸಿಯುವ ಬಗೆಗೂ ಇದಕ್ಕೂ ನಂಟಿದೆ.

ಎರಡಿಂಚಿನ ಪಾರದರ್ಶಕ ಪೈಪು ತೆಗೆದುಕೊಳ್ಳಿ. ಅಡಿಗೆ ಸೊಳ್ಳೆ ಜಾಲರಿ ಕಟ್ಟಿ ತಟ್ಟೆಯಲ್ಲಿ ನಿಲ್ಲಿಸಿ. ಬಾಣಲೆಯಲ್ಲಿ ಬೆಚ್ಚಗೆ ಮಾಡಿದ ಗರಿಗರಿ ಮಂಡಕ್ಕಿಯೇ ಬೇಕು. ಒಗ್ಗರಣೆ ಹಾಕಿದ್ದು ಬೇಡ, ಎಣ್ಣೆ ನೀರನ್ನು ತಡೆಯುತ್ತದೆ.

ಮೂರಿಂಚಿಗಿಂತ ಜಾಸ್ತಿ ತುಂಬಬೇಡಿ. ಉದ್ದ ತುಂಬಿದರೆ ಮೇಲಿನ ಭಾರವನ್ನು ಪೈಪಿನ ಗೋಡೆಯೇ ಹೊತ್ತುಕೊಳ್ಳುತ್ತದೆ, ಅಡಿಯ ಕಾಳಿಗೆ ತಲುಪುವುದೇ ಇಲ್ಲ. ಮೇಲೆ ಸಡಿಲವಾಗಿ ಇಳಿಯುವ ಮರದ ತುಂಡು, ಅದರ ಮೇಲೆ ಐದು ಕಿಲೋ ತೂಕದ ಕಲ್ಲು ಇಡಿ. ಕೈಯಲ್ಲಿ ಒತ್ತುವುದು ಖಂಡಿತ ಬೇಡ, ಕೈ ನಡುಗಿದರೆ ಅದೇ ಸದ್ದಾಗುತ್ತದೆ. ಕಲ್ಲಿಟ್ಟ ಕೂಡಲೇ ಒಣ ಕಾಳುಗಳೂ ಸಿಡಿಯುತ್ತವೆ. ಪೂರ್ತಿ ನಿಲ್ಲುವವರೆಗೂ ಕಾಯಿರಿ.

ಈಗ ನೀರು. ವಿಜ್ಞಾನ ಮೇಳಗಳಲ್ಲಿ ಮಕ್ಕಳು ಕೆಡಿಸಿಕೊಳ್ಳುವುದನ್ನು ನಾನು ನೋಡಿದ್ದು ಇಲ್ಲೇ. ಬೇಗ ಆಗಲಿ ಅಂತ ಮೇಲಿಂದ ಸುರಿಯುತ್ತಾರೆ. ಎಲ್ಲ ಒಟ್ಟಿಗೆ ಮುದ್ದೆಯಾಗಿ, ಒಂದು ಸದ್ದೂ ಇಲ್ಲ. ನೀರು ತಟ್ಟೆಗೆ ಮಾತ್ರ, ಚಮಚದಲ್ಲಿ, ಅಂಚಿನಿಂದ, ಅರ್ಧ ಬೆರಳು ಏರುವಷ್ಟು. ಮಂಡಕ್ಕಿಯ ಒಳಗೆಲ್ಲ ಸಣ್ಣ ಸಣ್ಣ ತೂತು. ಅವು ನೀರು ಹೀರಿದ ಕಡೆ ಕಾಳು ಮೆತ್ತಗಾಗುತ್ತದೆ. ನೆನೆದದ್ದಕ್ಕೂ ಒಣಗಿದ್ದಕ್ಕೂ ನಡುವಿನ ಗೆರೆಯನ್ನು ಕಣ್ಣಿಟ್ಟು ನೋಡಿ. ಅಲ್ಲಿನ ಕಾಳುಗಳು ಭಾರ ತಡೆಯಲಾರದೆ ಒಟ್ಟಿಗೆ ಪುಡಿಯಾಗುತ್ತವೆ, ಮರದ ತುಂಡು ಒಂದು ಕೂದಲೆಳೆಯಷ್ಟು ಇಳಿಯುತ್ತದೆ, ಚಟ್! ಮತ್ತೆ ಮೌನ. ನೀರು ಇನ್ನಷ್ಟು ಮೇಲೇರಿದಾಗ ಇನ್ನೊಂದು.

ಫೋನನ್ನು ಅದೇ ಮೇಜಿನ ಮೇಲಿಟ್ಟು ರೆಕಾರ್ಡ್ ಮಾಡಿ, ಫ್ಯಾನ್ ಆರಿಸಿ. ಹಿನ್ನೆಲೆ ಸದ್ದು ತಾನಾಗಿ ಅಳಿಸುವ ಆ್ಯಪ್ ಬೇಡವೇ ಬೇಡ, ಅದು ‘ಚಟ್’ ಅನ್ನೂ ಅಳಿಸಿಬಿಡುತ್ತದೆ. ಎಷ್ಟು ಸದ್ದು ಬಂತು ಅನ್ನುವುದಕ್ಕಿಂತ ಎರಡು ಸದ್ದಿನ ನಡುವಿನ ಸಮಯ ಮುಖ್ಯ, ಅದನ್ನು ಬರೆದಿಡಿ. ಆ ಅಂತರ ಹಿಗ್ಗುತ್ತಾ ಹೋಗಬೇಕು. ಹಿಗ್ಗದೆ ಹೇಗೇಗೋ ಬಂದರೆ ಮರದ ತುಂಡು ಗೋಡೆಗೆ ಸಿಕ್ಕಿಕೊಳ್ಳುತ್ತಿದೆಯೇ ನೋಡಿ.

ಮುಗಿದ ಕೂಡಲೇ ಪೈಪು ತೊಳೆಯಿರಿ. ಒಣಗಿದರೆ ಆ ಅಂಟು ಸುಲಭಕ್ಕೆ ಬಿಡುವುದಿಲ್ಲ.