ಹಳೇ ಚರ್ಚಿಗೆ ಸುಣ್ಣದ ಗಾರೆ: ನನ್ನ ಅನುಭವ

ಹಳೇ ಚರ್ಚ್ ನೋಡಲು ಹೋದರೆ ನಾನು ತಕ್ಷಣ ಒಳಗೆ ಹೋಗುವುದಿಲ್ಲ. ಹೊರಗಡೆ ಒಂದು ಸುತ್ತು ಹಾಕುತ್ತೇನೆ. ಮಾಡಿನ (ಛಾವಣಿಯ) ನೀರು ಎಲ್ಲಿ ಬೀಳುತ್ತದೆ, ಗೋಡೆಯಲ್ಲಿ ಪಾಚಿ ಎಷ್ಟು ಎತ್ತರಕ್ಕೆ ಹತ್ತಿದೆ, ಗಾರೆ ಎಲ್ಲಿ ಉಬ್ಬಿದೆ ಅಂತ ನೋಡುತ್ತೇನೆ. ಬಣ್ಣದ ಗಾಜು, ಆಲ್ಟರ್ ಎಲ್ಲ ಆಮೇಲೆ. ಜೊತೆಗೆ ಬಂದವರಿಗೆ ಇದು ಬೋರು. ಏನು ಮಾಡುವುದು, ನಮ್ಮ ಚರ್ಚಿನ ಕಟ್ಟಡ ಸಮಿತಿಗೆ ಸೇರಿದ ಮೇಲೆ ಅಂಟಿಕೊಂಡ ಚಾಳಿ ಇದು.

ನಮ್ಮದು ದಕ್ಷಿಣ ಕನ್ನಡದ ಸಣ್ಣ ಕ್ರೈಸ್ತ ಸಭೆ. ಚರ್ಚ್ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ಕಾಲದ್ದು. ದಪ್ಪ ಮುರಕಲ್ಲಿನ (ಕರಾವಳಿಯ ಕೆಂಪು ರಂಧ್ರಗಲ್ಲು) ಗೋಡೆ, ಹಂಚು ಹೊರುವ ಮರದ ಪಕಾಸು, ಮೇಲೆ ಹಂಚು. ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಶುರುಮಾಡಿದರು. ಅವರ ಮುದ್ರೆ ಇರುವ ಹಂಚುಗಳು ನಮ್ಮ ಮಾಡಿನಲ್ಲಿ ಇನ್ನೂ ಇವೆ. ಗೋಡೆಯ ಕತೆ ಮಾತ್ರ ಬೇರೆ. ಹಿಂದೆ ಯಾವಾಗಲೋ ಹೊರಗೆ ಸಿಮೆಂಟ್ ಗಾರೆ, ಒಳಗೆ ಪ್ಲಾಸ್ಟಿಕ್ ಎಮಲ್ಷನ್ ಬಂದಿತ್ತು. ಪ್ರತಿ ಕ್ರಿಸ್‌ಮಸ್‌ಗೆ ಬಣ್ಣ ಹೊಡೆಯುವುದು, ಪ್ರತಿ ಆಗಸ್ಟ್‌ಗೆ ಅದು ಹಪ್ಪಳೆ ಏಳುವುದು.

ಮುರಕಲ್ಲು ನೆಲದ ತೇವ ಹೀರಿಕೊಳ್ಳುತ್ತದೆ. ಅದನ್ನು ತಡೆಯಲು ಆಗುವುದಿಲ್ಲ. ಸುಣ್ಣದ ಗಾರೆ ಇದ್ದರೆ ಆ ತೇವ ಮೆಲ್ಲಗೆ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ಒದ್ದೆ ಬಟ್ಟೆಯ ಮೇಲೆ ರೇನ್‌ಕೋಟ್ ಹಾಕಿಕೊಂಡ ಹಾಗೆ. ನೀರಿಗೆ ಹೊರಗೆ ದಾರಿ ಸಿಗದೆ ಗೋಡೆಯೊಳಗೇ ಮೇಲೆ ಹತ್ತುತ್ತದೆ. ಅದರ ಜೊತೆ ಬಂದ ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ ಕಲ್ಲನ್ನೇ ಪುಡಿ ಮಾಡುತ್ತದೆ. ನಮ್ಮಲ್ಲಿ ಸಿಮೆಂಟ್ ಪದರ ಬಡಿದು ನೋಡಿದರೆ ಟೊಳ್ಳು ಸದ್ದು ಬರುತ್ತಿತ್ತು. ಕೆಲವು ಕಡೆ ಕಲ್ಲು ಬೆರಳಿಗೇ ಉದುರುತ್ತಿತ್ತು.

ಕೆಲಸ ಹಿಡಿದದ್ದು ದೀಪಾವಳಿ ಕಳೆದ ಮೇಲೆ. ಮೊದಲು ಗೋಡೆ ಗೋಡೆಯ ಫೋಟೋ ತೆಗೆದು, ಬಿರುಕುಗಳನ್ನು ಗುರುತು ಹಾಕಿದೆವು. ಟೊಳ್ಳಾದ ಸಿಮೆಂಟನ್ನು ಸಣ್ಣ ಉಳಿಯಿಂದ ಕೈಯಲ್ಲೇ ಬಿಡಿಸಿದೆವು. ಬ್ರೇಕರ್ ಮೆಷಿನ್ ಹತ್ತಿರವೂ ತರಲಿಲ್ಲ. ಗಟ್ಟಿಯಾಗಿ ಕಚ್ಚಿಕೊಂಡಿದ್ದ ಕಡೆ ಹಾಗೇ ಬಿಟ್ಟೆವು, ಯಾಕೆಂದರೆ ಎಳೆದರೆ ಕಲ್ಲೂ ಜೊತೆಗೇ ಬರುತ್ತದೆ. ಆಮೇಲೆ ಗೋಡೆಯನ್ನು ಸುಮ್ನೆ ಆರಲು ಬಿಟ್ಟೆವು. ಸಭೆಯವರಿಗೆ ಸಹಿಸಲು ಆಗದೇ ಇದ್ದದ್ದು ಇದೇ. "ಕೆಲಸ ನಿಂತುಹೋಯಿತಾ?" ಅಂತ ಪ್ರತಿ ಭಾನುವಾರ ಕೇಳುತ್ತಿದ್ದರು.

ಸುಣ್ಣ ಗೊತ್ತಿರುವ ಮೇಸ್ತ್ರಿ ಸಿಗುವುದೇ ಕಷ್ಟ. ನಮಗೆ ಸಿಕ್ಕವರು ವಯಸ್ಸಾದವರು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವರು ಚಿಪ್ಪು ಸುಣ್ಣವನ್ನು ಮುಂಚೆಯೇ ನೀರಲ್ಲಿ ಅರಳಿಸಿ, ಬೆಣ್ಣೆಯಷ್ಟು ನುಣ್ಣಗಾಗುವ ತನಕ ತೊಟ್ಟಿಯಲ್ಲಿ ಇಡಿಸಿದರು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಹೊಳೆ ಮರಳು. ಸಮುದ್ರದ ಮರಳು ಬೇಡವೇ ಬೇಡ, ಉಪ್ಪನ್ನು ನಾವೇ ತಂದು ಮೆತ್ತಿದ ಹಾಗೆ ಆಗುತ್ತದೆ. ಬುಡದ ಭಾಗಕ್ಕೆ ಸ್ವಲ್ಪ ಇಟ್ಟಿಗೆ ಪುಡಿ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲ ಹಾಕುವ ಪದ್ಧತಿಯೂ ಉಂಟು. ನಮ್ಮ ಮೇಸ್ತ್ರಿ ಹಾಕಿದರು, ನಾನು ಪ್ರಶ್ನೆ ಕೇಳಲಿಲ್ಲ. ತೆಳುವಾಗಿ ಪದರ ಪದರವಾಗಿ ಹಚ್ಚಿ, ಒದ್ದೆ ಗೋಣಿ ಇಳಿಬಿಟ್ಟು ತಂಪಾಗಿ ಇಡಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಬಿಸಿಲಿಗೆ ಬೇಗ ಒಣಗಿದರೆ ಬಿರಿಯುತ್ತದೆ. ಕೊನೆಗೆ ಬಣ್ಣದ ಬದಲು ಸುಣ್ಣವನ್ನೇ ತೆಳುವಾಗಿ ಬಳಿದೆವು.

ಆದರೆ ಹೆಚ್ಚು ಫಲ ಕೊಟ್ಟದ್ದು ಗಾರೆಗಿಂತ ಚರಂಡಿ ಅಂತ ನನ್ನ ಲೆಕ್ಕ. ಸುತ್ತಲೂ ಗೋಡೆಗೆ ತಾಗಿಸಿ ಇಂಟರ್‌ಲಾಕ್ (ಅಂಗಳಕ್ಕೆ ಜೋಡಿಸುವ ಸಿಮೆಂಟ್ ಬಿಲ್ಲೆ) ಹಾಸಿದ್ದರು. ಅಂಗಳ ಎತ್ತರವಾಗಿ ಮಳೆನೀರು ಗೋಡೆಯ ಬುಡಕ್ಕೇ ಬರುತ್ತಿತ್ತು. ಒಂದು ಪಟ್ಟಿ ಇಂಟರ್‌ಲಾಕ್ ಕಿತ್ತು, ಜಲ್ಲಿ ತುಂಬಿ, ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಕೊಟ್ಟೆವು. ಇದಕ್ಕೆ ದಾನಿಗಳು ಸಿಗಲಿಲ್ಲ ನೋಡಿ! ಗಂಟೆಗೆ, ಬೆಂಚಿಗೆ, ಫ್ಯಾನಿಗೆ ಹೆಸರು ಕೆತ್ತಿಸಬಹುದು. ಚರಂಡಿಗೆ ಯಾರು ಹೆಸರು ಕೆತ್ತಿಸುತ್ತಾರೆ?

"ಕೆಡವಿ ದೊಡ್ಡದಾಗಿ ಕಟ್ಟೋಣ" ಅನ್ನುವವರೂ ಇದ್ದರು. ಅವರ ಜೊತೆ ವಾದ ಮಾಡುವ ಬದಲು ಒಂದು ದಿನ ಎಲ್ಲರೂ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದೆವು. ಇಟಲಿಯ ಆಂಟೋನಿಯೋ ಮೊಸ್ಕೇನಿ 19ನೇ ಶತಮಾನದ ಕೊನೆಗೆ ಬಿಡಿಸಲು ಶುರುಮಾಡಿದ ಚಿತ್ರಗಳಿಗೂ ನಮ್ಮ ಮಳೆಗಾಲದ ತೇವವೇ ಶತ್ರು. 1990ರ ದಶಕದಲ್ಲಿ ಪಾರಂಪರಿಕ ಕಟ್ಟಡ, ಕಲೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಪರಿಣತರು ಅವನ್ನು ಶುಚಿಮಾಡಿ ಉಳಿಸಿದರು. ನಮ್ಮಲ್ಲಿ ಅಂಥ ಚಿತ್ರ ಯಾವುದೂ ಇಲ್ಲ, ಆದರೂ ಬಂದವರಿಗೆ ವಿಷಯ ಅರ್ಥವಾಯಿತು.

ಹಾಸನದ ಶೆಟ್ಟಿಹಳ್ಳಿಗೂ ಹೋಗಿದ್ದೇನೆ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚ್, ಈಗ ಹೇಮಾವತಿ ಹಿನ್ನೀರಿನಲ್ಲಿ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗಿದ ಫೋಟೋ ಎಲ್ಲರೂ ನೋಡಿರುತ್ತೀರಿ. ನಾನು ಹೇಳುವುದು, ಬೇಸಿಗೆಯಲ್ಲಿ ಹೋಗಿ. ನೀರು ಇಳಿದಾಗ ಗೋಡೆಯ ಬುಡದ ತನಕ ನಡೆಯಬಹುದು. ಮಾಡು ಹೋದ ಗೋಡೆ ಮೇಲಿಂದ ಹೇಗೆ ಕರಗುತ್ತದೆ ಅಂತ ಹತ್ತಿರದಿಂದ ಕಾಣುತ್ತದೆ. ದಯವಿಟ್ಟು ಗೋಡೆ ಹತ್ತಬೇಡಿ, ಕಮಾನಿನ ಕೆಳಗೆ ನಿಲ್ಲಬೇಡಿ.

ಬಳಕೆಯಲ್ಲಿರುವ ಚರ್ಚಾದರೆ ಸಭಾಪಾಲಕರಿಗೋ ಪಾದ್ರಿಗೋ ಮೊದಲೇ ಹೇಳಿ ಹೋಗಿ, ಆರಾಧನೆ ಇಲ್ಲದ ಹೊತ್ತಿಗೆ. ಹಳೇ ದೀಕ್ಷಾಸ್ನಾನದ, ಮದುವೆಯ ದಾಖಲೆ ಪುಸ್ತಕ ತೋರಿಸಿದರೆ ಒಣ ಕೈಯಲ್ಲಿ ಮುಟ್ಟಿ. ನಮ್ಮವನ್ನು ಲ್ಯಾಮಿನೇಟ್ ಮಾಡಿಸೋಣ ಅಂತ ಒಬ್ಬರು ಹೊರಟಿದ್ದರು, ಹೇಗೋ ತಪ್ಪಿಸಿದೆ. ಈಗ ಅವು ಗೋಡೆಯಿಂದ ದೂರ, ಗಾಳಿಯಾಡುವ ಬೀರುವಿನಲ್ಲಿ ಅಡ್ಡ ಮಲಗಿವೆ.

ಇನ್ನು ಮಾಡಿನ ಕೆಲಸ ಬಾಕಿ. ಪಕಾಸಿನ ತುದಿಗಳಿಗೆ ಗೆದ್ದಲು ಹಿಡಿದಿದೆ. ಹಳೇ ಹಂಚಿನ ಅಳತೆಗೆ ಹೊಸ ಹಂಚು ಕೂರುವುದಿಲ್ಲ. ಹಾಗಾಗಿ ಹತ್ತಿರದಲ್ಲಿ ಎಲ್ಲಾದರೂ ಹಳೇ ಮನೆ ಕೆಡವುತ್ತಾರೆ ಅಂದರೆ ನಾನು ಅಲ್ಲಿ ಹಾಜರು. ಒಡೆಯದ ಹಂಚು ಸಿಕ್ಕಷ್ಟನ್ನು ತಂದು ಚರ್ಚಿನ ಹಿಂದೆ ಪೇರಿಸಿಟ್ಟಿದ್ದೇವೆ. ಮೇ ಮುಗಿಯುವ ಮೊದಲು ಉತ್ತರದ ಇಳಿಜಾರನ್ನಾದರೂ ಕೈಯಾಡಿಸಬೇಕು.